ಖಾಲಿ ಹಾಳೆಯ ಮೇಲೆ ಹುಟ್ಟಿದ ವಿಮಾನ: ಎಚ್‌ಟಿ-2 ಶಿಲ್ಪಿ ವಿ.ಎಂ. ಘಾಟಗೆ

ಕುಂಬ್ರ: ಪುತ್ತೂರಿನಿಂದ ಸುಳ್ಯದ ಕಡೆಗೆ ಸಾಗುವ ಹೆದ್ದಾರಿಯಲ್ಲಿ, ಬೆಳ್ಳಾರೆಗೆ ದಾರಿ ಕವಲೊಡೆಯುವ ಜಾಗದಲ್ಲಿ ಇರುವ ಪುಟ್ಟ ಪೇಟೆ ಕುಂಬ್ರ. ಸುತ್ತಲೂ ಅಡಕೆ ತೋಟ, ಅದರಾಚೆ ರಬ್ಬರು ಮತ್ತು ಗೇರುಗುಡ್ಡ. ಮಳೆಯ ಬಿಡುವು ನೋಡಿ ಅಡಕೆಗೆ ಮದ್ದು ಬಿಡಲು ಮರವೇರಿದವರು ಈಗ ವಿಮಾನದ ಸದ್ದು ಕೇಳಿದರೆ ಕತ್ತು ತಿರುಗಿಸುವುದೂ ಇಲ್ಲ. ಊರಿನ ಎಷ್ಟೋ ಮನೆಗಳವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವಾಗ ವಿಮಾನವೆಂದರೆ ಬಸ್ಸಿನಷ್ಟೇ ಬಳಕೆಯ ವಸ್ತು.

1951ರಲ್ಲಿ ಹಾಗಿರಲಿಲ್ಲ. ಆ ವರ್ಷದ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಡಕೋಟಾ ವಿಮಾನವೊಂದರಲ್ಲಿ ಬಂದು ಬಜಪೆಯ ಗುಡ್ಡದ ಮೇಲೆ ಇಳಿದಾಗ ಕರಾವಳಿಗೆ ವಿಮಾನ ನಿಲ್ದಾಣ ದೊರೆಯಿತು. ಆಗ ಪುತ್ತೂರು ಸೇರಿದಂತೆ ದಕ್ಷಿಣ ಕನ್ನಡವು ಮದರಾಸು ರಾಜ್ಯಕ್ಕೆ ಸೇರಿತ್ತು. ನೆಹರೂ ಬಂದಿಳಿದ ಆ ಡಕೋಟಾ ಅಮೆರಿಕದ ಡಗ್ಲಸ್ ಕಂಪೆನಿಯ ವಿನ್ಯಾಸ. ಅದಕ್ಕೆ ನಾಲ್ಕು ತಿಂಗಳ ಮುಂಚೆ, ಘಟ್ಟದ ಮೇಲಿನ ಬೆಂಗಳೂರಿನಲ್ಲಿ ಇನ್ನೊಂದು ವಿಮಾನ ಹಾರಿತ್ತು. ಇಬ್ಬರು ಕೂರುವಷ್ಟು ಸಣ್ಣದು, ಒಂದೇ ಎಂಜಿನ್. ಆದರೆ ಅದರ ಮೊದಲ ಗೆರೆಯಿಂದ ಕೊನೆಯ ರಿವೆಟ್ಟಿನವರೆಗೆ ಭಾರತೀಯರ ತಲೆ ಮತ್ತು ಕೈ ಕೆಲಸ ಮಾಡಿತ್ತು. ಆ ವಿಮಾನದ ಹೆಸರು ಎಚ್‌ಟಿ-2. ಅದನ್ನು ರೂಪಿಸಿದವರು ಡಾ. ವಿಷ್ಣು ಮಾಧವ ಘಾಟಗೆ.

ವೈಮಾನಿಕ ವಲಯದಲ್ಲಿ ಈ ಹೆಸರನ್ನು ಅರಿಯದವರಿಲ್ಲ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಭವನವಿದೆ, ಅವರ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. ಆ ಸಭಾಭವನದ ಮುಂದೆ ಹಾದುಹೋಗುವವರಲ್ಲಿ ಈ ಘಾಟಗೆ ಯಾರು ಎಂದು ಹೇಳಬಲ್ಲವರು ಎಷ್ಟು ಮಂದಿ ಎಂಬುದು ಮಾತ್ರ ಬೇರೆಯೇ ಪ್ರಶ್ನೆ!

ಗಡಿಸೀಮೆಯಿಂದ ಗಟ್ಟಿಂಗೆನ್‌ಗೆ

ಘಾಟಗೆ ಹುಟ್ಟಿದ್ದು 1908ರಲ್ಲಿ, ಕನ್ನಡ ಮತ್ತು ಮರಾಠಿ ಎರಡೂ ಮಾತು ಕಿವಿಗೆ ಬೀಳುವ ಕೊಲ್ಲಾಪುರ ಸೀಮೆಯಲ್ಲಿ. ರೈಟ್ ಸಹೋದರರು ತಮ್ಮ ಸೈಕಲ್ ಅಂಗಡಿಯಲ್ಲಿ ಕಟ್ಟಿದ ಯಂತ್ರವನ್ನು ಅಮೆರಿಕದ ಕಿಟ್ಟಿ ಹಾಕ್ ಬಳಿ ಹಾರಿಸಿ ಆಗಿನ್ನೂ ಐದು ವರ್ಷವೂ ತುಂಬಿರಲಿಲ್ಲ. ಹಿಂದೂಸ್ಥಾನದ ಜನ ವಿಮಾನವನ್ನು ಕಣ್ಣಾರೆ ಕಂಡಿರಲಿಲ್ಲ. ಎರಡು ವರ್ಷಗಳ ನಂತರ, 1910ರ ಮಾರ್ಚಿನಲ್ಲಿ, ಮದರಾಸಿನಲ್ಲಿ ಹೋಟೆಲು ನಡೆಸುತ್ತಿದ್ದ ಜಾಕೊಮೊ ಡಿ'ಏಂಜೆಲಿಸ್ ಎಂಬಾತ ಸ್ವಂತ ವಿನ್ಯಾಸದ ವಿಮಾನವೊಂದನ್ನು ಸಾರೋಟು ತಯಾರಿಸುವ ಕಂಪೆನಿಯಿಂದ ಕಟ್ಟಿಸಿ, ಪಲ್ಲಾವರಂನಲ್ಲಿ ಹಾರಿಸಿ ನೋಡಿದ. ಅದೊಂದು ಉತ್ಸಾಹಿಯ ಸಾಹಸವಾಗಿ ಅಲ್ಲಿಗೇ ನಿಂತಿತು. ಆತನ ಹಿಂದೆ ಕಾರ್ಖಾನೆಯಾಗಲಿ, ವಿದ್ಯಾಲಯವಾಗಲಿ ಇರಲಿಲ್ಲ.

ಘಾಟಗೆಯವರ ದಾರಿ ಗಣಿತದ ಮೂಲಕ ಬಂದದ್ದು. ಉನ್ನತ ವ್ಯಾಸಂಗಕ್ಕೆಂದು ಅವರು ಹೋದದ್ದು ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ. ಅಂದಿನ ದಿನಗಳಲ್ಲಿ ಇಂಗ್ಲೆಂಡಿನ ಪದವಿಗೆ ನಮ್ಮಲ್ಲಿದ್ದ ಬೆಲೆಯನ್ನು ನೆನೆದರೆ ಇದು ಸಾಮಾನ್ಯ ಆಯ್ಕೆಯಲ್ಲ. ಆದರೆ ಗಾಳಿಯ ಶಾಸ್ತ್ರ ಕಲಿಯಬೇಕೆಂಬವನಿಗೆ ಗಟ್ಟಿಂಗೆನ್‌ಗಿಂತ ಮಿಗಿಲಾದ ಜಾಗ ಜಗತ್ತಿನಲ್ಲಿ ಇರಲಿಲ್ಲವೆಂದೇ ಹೇಳಬೇಕು. ಅಲ್ಲಿದ್ದವರು ಪ್ರೊಫೆಸರ್ ಲುಡ್ವಿಗ್ ಪ್ರಾಂಡ್ಲ್. 1936ರಲ್ಲಿ ಘಾಟಗೆ ಅಲ್ಲಿಂದ ಡಾಕ್ಟರೇಟ್ ಪಡೆದರು.

ಪ್ರಾಂಡ್ಲ್ ಯಾರೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಲೇಬೇಕು. ಗಾಳಿಯು ರೆಕ್ಕೆಯ ಮೇಲೆ ಹರಿಯುವಾಗ ಏನಾಗುತ್ತದೆ ಎಂಬುದು ವಿಜ್ಞಾನಿಗಳಿಗೆ ಬಹುಕಾಲ ಒಗಟಾಗಿತ್ತು. ಲೆಕ್ಕದ ಪ್ರಕಾರ ಗಾಳಿಗೆ ಎಳೆತವೇ ಇರಬಾರದು, ಅನುಭವದಲ್ಲಿ ಎಳೆತ ಇದ್ದೇ ಇದೆ. ರೆಕ್ಕೆಯ ಮೈಗೆ ಅಂಟಿಕೊಂಡಂತೆ ಇರುವ ಅತಿ ತೆಳುವಾದ ಗಾಳಿಯ ಪದರವೊಂದರಲ್ಲಿ ಈ ಒಗಟಿನ ಉತ್ತರ ಅಡಗಿದೆ ಎಂದು ಪ್ರಾಂಡ್ಲ್ 1904ರಲ್ಲಿ ತೋರಿಸಿಕೊಟ್ಟರು. ಆ ಪದರ ರೆಕ್ಕೆಗೆ ಅಂಟಿಕೊಂಡಿರುವ ತನಕ ವಿಮಾನ ತೇಲುತ್ತದೆ. ರೆಕ್ಕೆಯನ್ನು ತೀರಾ ಮೇಲಕ್ಕೆ ಓರೆ ಮಾಡಿದರೆ ಪದರ ಕಳಚಿಕೊಳ್ಳುತ್ತದೆ, ಎತ್ತುವ ಬಲ ಕುಸಿಯುತ್ತದೆ, ವಿಮಾನ ಬೀಳತೊಡಗುತ್ತದೆ. ಪೈಲಟ್‌ಗಳು ಇದನ್ನು ಸ್ಟಾಲ್ ಎನ್ನುತ್ತಾರೆ. ಹಾರಲು ಕಲಿಯುತ್ತಿರುವ ಹುಡುಗನನ್ನು ಕೊಲ್ಲುವುದು ಹೆಚ್ಚಾಗಿ ಇದೇ. ಗಟ್ಟಿಂಗೆನ್‌ನಲ್ಲಿ ಓದಿದ ಮನುಷ್ಯ ಮುಂದೆ ಮೊದಲು ಕಟ್ಟಿದ ವಿಮಾನ ಕಲಿಯುವ ಹುಡುಗರಿಗಾಗಿ ಇದ್ದದ್ದೇ ಆಗಿತ್ತು ಎಂಬುದನ್ನು ಓದುಗರು ಗಮನಿಸಬೇಕು.

ಬೆಂಗಳೂರಿಗೆ ಬಂದ ಕಾರ್ಖಾನೆ

1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪೆನಿ ಹುಟ್ಟಿಕೊಂಡಿತು. ಅದರ ಕನಸು ಕಂಡವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅದಕ್ಕೆ ಯಂತ್ರೋಪಕರಣ ಮತ್ತು ಪರಿಣತರನ್ನು ಹೊಂದಿಸಿಕೊಟ್ಟವರು ಅಮೆರಿಕದ ವಿಲಿಯಂ ಪಾಲಿ. ಜಾಗ ಕೊಟ್ಟು, ಹಣ ಹೂಡಿ ನೆಲೆ ಒದಗಿಸಿದ್ದು ಮೈಸೂರು ಸಂಸ್ಥಾನ. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸಮುದ್ರದಿಂದ ದೂರ, ಹಿತವಾದ ಹವೆ, ಶಿವನಸಮುದ್ರದ ವಿದ್ಯುತ್ತು, ಪಕ್ಕದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ... ಬೆಂಗಳೂರಿಗೆ ಅನುಕೂಲಗಳು ಬೇಕಾದಷ್ಟಿದ್ದವು. ಇಂದು ವಿಮಾನಗಳ ರಾಜಧಾನಿ ಎನಿಸಿಕೊಂಡಿರುವ ನಗರಕ್ಕೆ ಆ ಪಟ್ಟ ಸಿಕ್ಕಿದ್ದು ಹೀಗೆ.

ಘಾಟಗೆ ಆ ಕಾರ್ಖಾನೆಯ ಆರಂಭದ ದಿನಗಳಲ್ಲಿಯೇ ಅಲ್ಲಿಗೆ ಬಂದವರು. 1941ರಲ್ಲಿ ಹಾರ್ಲೋ ಎಂಬ ಅಮೆರಿಕದ ತರಬೇತಿ ವಿಮಾನವನ್ನು ಅಲ್ಲಿ ಜೋಡಿಸಿ ಹಾರಿಸಲಾಯಿತು. ಮರುವರ್ಷ ಕರ್ಟಿಸ್ ಹಾಕ್ ಯುದ್ಧವಿಮಾನ. ಎರಡೂ ಪರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಕೂಡಿಸಿ ಮಾಡಿದವು. ಪತ್ರಿಕೆಗಳಿಗೆ ಅವು ದೊಡ್ಡ ಸುದ್ದಿಯಾಗಿದ್ದರೂ, ಬೀಜವಿಲ್ಲದೆ ಗಿಡ ತಂದು ನೆಟ್ಟ ಹಾಗೆ. ಗಿಡ ಬದುಕೀತು, ಮುಂದಿನ ಬೆಳೆಗೆ ಮತ್ತೆ ಅದೇ ಅಂಗಡಿಗೆ ಹೋಗಬೇಕು!

ಈ ನಡುವೆ ಘಾಟಗೆ ಸದ್ದಿಲ್ಲದೆ ಬೇರೆಯದೇ ಕೆಲಸ ಮಾಡಿದರು. ಸೈನಿಕರನ್ನು ಸಾಗಿಸಲು, ಹತ್ತು ಮಂದಿ ಕೂರಬಲ್ಲ ಗ್ಲೈಡರ್ ಒಂದನ್ನು ವಿನ್ಯಾಸಗೊಳಿಸಿದರು. ಎಂಜಿನ್ ಇಲ್ಲದ, ಇನ್ನೊಂದು ವಿಮಾನ ಎಳೆದೊಯ್ದು ಬಿಡಬೇಕಾದ ವಾಹನ ಅದು. ಜಿ-1 ಎಂಬ ಹೆಸರಿನ ಆ ಗ್ಲೈಡರನ್ನು ಒಂದೇ ಒಂದು ಕಟ್ಟಲಾಯಿತು. ಲೆಕ್ಕಕ್ಕೆ ಅದು ದೊಡ್ಡದಲ್ಲದಿರಬಹುದು. ಆದರೆ ಆ ಕಾರ್ಖಾನೆಯ ನೆಲದಲ್ಲಿ ಯಾರ ನಕಾಶೆಯನ್ನೂ ನೋಡದೆ ಹುಟ್ಟಿದ ಮೊದಲ ಹಾರುವ ವಸ್ತು ಅದೇ.

ಯುದ್ಧ ಜೋರಾದಂತೆ ವಿನ್ಯಾಸದ ಮಾತು ಹಿಂದೆ ಸರಿಯಿತು. 1942ರಲ್ಲಿ ಕಾರ್ಖಾನೆಯ ಆಡಳಿತ ಭಾರತ ಸರ್ಕಾರದ ಕೈಗೆ ಹೋಯಿತು. 1943ರಲ್ಲಿ ಅಮೆರಿಕದ ವಾಯುಸೇನೆ ಅದನ್ನು ತನ್ನ ದುರಸ್ತಿ ಕೇಂದ್ರವನ್ನಾಗಿ ಮಾಡಿಕೊಂಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ದುರಸ್ತಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ನೊರೆಗಾಗಿ ಸುದ್ದಿಯಾದ ಬೆಳ್ಳಂದೂರನ್ನಷ್ಟೇ ಬಲ್ಲ ಇಂದಿನ ಬೆಂಗಳೂರಿಗರಿಗೆ ಇದನ್ನು ನಂಬುವುದು ಕಷ್ಟವಾದೀತು.

ಘಾಟಗೆ ಈ ಹೊತ್ತಿಗೆ ನಗರದ ಇನ್ನೊಂದು ತುದಿಯಲ್ಲಿದ್ದರು. 1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಮುನ್ನಡೆಸುವ ಹೊಣೆ ಅವರದಾಯಿತು. ಯುದ್ಧದ ನಡುವೆ, ಪುಸ್ತಕ, ಉಪಕರಣ ಎಲ್ಲಕ್ಕೂ ಅಭಾವವಿದ್ದ ಕಾಲದಲ್ಲಿ, ವಿಮಾನ ಶಾಸ್ತ್ರವನ್ನು ಈ ನೆಲದಲ್ಲಿ ಪಾಠವಾಗಿ ಹೇಳತೊಡಗಿದ ವಿಭಾಗವದು. ಮುಂದೆ ಸತೀಶ್ ಧವನ್ ಅವರಂಥವರು ಅದರ ಮುಖ್ಯಸ್ಥರಾದರು. ಬಾಹ್ಯಾಕಾಶದವರೆಗೆ ಹೋದ ದೊಡ್ಡ ಪರಂಪರೆಯ ಮೊದಲ ಮೆಟ್ಟಿಲು ಅಲ್ಲಿದೆ.

ಇದೇ ವಿಭಾಗಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾಗದು. ಪ್ರಾಚೀನ ಭಾರತದಲ್ಲಿ ವಿಮಾನಗಳಿದ್ದವು ಎಂದು ವಾದಿಸುವವರು ಮತ್ತೆ ಮತ್ತೆ ಎತ್ತಿ ಹಿಡಿಯುವ ಗ್ರಂಥ ವೈಮಾನಿಕ ಶಾಸ್ತ್ರ. ಅದನ್ನು ಹೇಳಿ ಬರೆಸಿದವರು ನಮ್ಮ ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. 1974ರಲ್ಲಿ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಆ ಗ್ರಂಥವನ್ನು ಕೂಲಂಕಷವಾಗಿ ಪರಿಶೀಲಿಸಿ, ಅದು ಇಪ್ಪತ್ತನೆಯ ಶತಮಾನದ ರಚನೆಯೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೀರ್ಮಾನಿಸಿದರು. ಹಾರದ ವಿಮಾನಗಳ ಬಗ್ಗೆ ನಮ್ಮಲ್ಲಿ ನಡೆದಷ್ಟು ಚರ್ಚೆ, ನಿಜವಾಗಿ ಹಾರಿದ ವಿಮಾನದ ಬಗ್ಗೆ ನಡೆದಿಲ್ಲ ಎಂಬುದು ಈ ವರದಿಗಾರನ ನಮ್ರ ಅಭಿಪ್ರಾಯ.

ರೈಲು ಡಬ್ಬಿಗಳ ನಡುವೆ ಒಂದು ವಿಮಾನ

ಯುದ್ಧ ಮುಗಿಯಿತು, ಅಮೆರಿಕನ್ನರು ಹೊರಟುಹೋದರು. ಕೈಯಲ್ಲಿ ದೊಡ್ಡ ಕಾರ್ಖಾನೆ, ನುರಿತ ಕೆಲಸಗಾರರು, ಆದರೆ ಕೆಲಸವೇ ಇಲ್ಲ ಎಂಬ ಸ್ಥಿತಿ. ಯುದ್ಧದಲ್ಲಿ ಬಳಸಿ ಉಳಿದ ಡಕೋಟಾಗಳನ್ನು ಪ್ರಯಾಣಿಕ ವಿಮಾನಗಳಾಗಿ ಮಾರ್ಪಡಿಸುವುದು, ರೈಲ್ವೆಗೆ ಲೋಹದ ಬೋಗಿಗಳನ್ನು ಕಟ್ಟಿಕೊಡುವುದು, ಬಸ್ಸುಗಳಿಗೆ ಮೈ ಕಟ್ಟುವುದು ಹೊಟ್ಟೆಪಾಡಿನ ದಾರಿಯಾಯಿತು. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ತೆಳುವಾದ ಲೋಹದ ಹಾಳೆಯನ್ನು ಬಾಗಿಸಿ, ಸಾಲು ತಪ್ಪದಂತೆ ರಿವೆಟ್ ಹೊಡೆಯುವ ಕೈ ಬೋಗಿಗೂ ಬೇಕು, ವಿಮಾನಕ್ಕೂ ಬೇಕು. ಆ ಕೈ ಜಡ್ಡುಗಟ್ಟದೆ ಉಳಿಯಿತು.

ಹೊಸದಾಗಿ ಸ್ವತಂತ್ರವಾದ ದೇಶದ ವಾಯುಪಡೆಯ ತರಬೇತಿ ಆಗ ನಡೆಯುತ್ತಿದ್ದುದು ಟೈಗರ್ ಮಾತ್ ವಿಮಾನಗಳಲ್ಲಿ. ಬ್ರಿಟಿಷರು ರೂಪಿಸಿದ, ಒಂದರ ಮೇಲೊಂದು ಎರಡು ರೆಕ್ಕೆಗಳ, ಬಟ್ಟೆ ಹೊದಿಸಿದ ಹಳೆಯ ಕಾಲದ ವಿಮಾನ. ಚಾಲಕ ಕೂರುವ ಜಾಗ ತೆರೆದದ್ದು, ಗಾಳಿ ಮುಖಕ್ಕೇ ಹೊಡೆಯುತ್ತದೆ. ನಮ್ಮ ಬಿಸಿಲು, ಮಳೆ, ತೇವಕ್ಕೆ ಮರವೂ ಬಟ್ಟೆಯೂ ಎಷ್ಟು ಕಾಲ ತಾಳೀತೆಂಬುದು ಮಳೆಗಾಲ ಕಂಡ ಯಾರಿಗೂ ಗೊತ್ತು. ಪರ್ಸಿವಲ್ ಪ್ರೆಂಟಿಸ್ ಎಂಬ ಇನ್ನೊಂದು ಬ್ರಿಟಿಷ್ ತರಬೇತಿ ವಿಮಾನವನ್ನು ಪರವಾನಗಿ ಪಡೆದು ಬೆಂಗಳೂರಿನಲ್ಲಿಯೇ ತಯಾರಿಸುವ ಕೆಲಸವೂ ನಡೆದಿತ್ತು. ಇದು ಸುಲಭದ ದಾರಿ. ಹಣ ಕೊಟ್ಟರೆ ನಕಾಶೆ ಬರುತ್ತದೆ, ಅಚ್ಚು ಬರುತ್ತದೆ, ತಪ್ಪಿದರೆ ತಿದ್ದಲು ಅವರ ಎಂಜಿನಿಯರೂ ಬರುತ್ತಾನೆ. ಆದರೆ ರೆಕ್ಕೆಯ ಅಗಲ ಇಷ್ಟೇ ಏಕೆ, ಬಾಲದ ಎತ್ತರ ಅಷ್ಟೇ ಏಕೆ ಎಂಬ ಪ್ರಶ್ನೆಗೆ ಆ ನಕಾಶೆಯಲ್ಲಿ ಉತ್ತರವಿರುವುದಿಲ್ಲ. ಆ ಉತ್ತರ ನಕಾಶೆ ಬರೆದವನ ತಲೆಯಲ್ಲಿರುತ್ತದೆ, ಅದನ್ನು ಯಾರೂ ಮಾರುವುದಿಲ್ಲ.

1948ರಲ್ಲಿ ಸ್ವದೇಶಿ ತರಬೇತಿ ವಿಮಾನದ ವಿನ್ಯಾಸಕ್ಕೆ ಸರ್ಕಾರದ ಒಪ್ಪಿಗೆ ದೊರೆಯಿತು. ಘಾಟಗೆ ಮತ್ತೆ ಕಾರ್ಖಾನೆಯಲ್ಲಿದ್ದರು, ಈ ಬಾರಿ ವಿನ್ಯಾಸದ ಮುಖ್ಯಸ್ಥರಾಗಿ. ಅವರ ಮುಂದಿದ್ದದ್ದು ಖಾಲಿ ಹಾಳೆ.

ತರಬೇತಿ ವಿಮಾನವೆಂದರೆ ಸಣ್ಣದು, ಆದ್ದರಿಂದ ಸುಲಭ ಎಂದು ಭಾವಿಸುವವರುಂಟು. ವಾಸ್ತವ ಬೇರೆ. ಯುದ್ಧವಿಮಾನವನ್ನು ನಡೆಸುವವನು ಪಳಗಿದವನು, ಯಂತ್ರದ ಹಟವನ್ನು ಸಹಿಸಿಯಾನು. ತರಬೇತಿ ವಿಮಾನದಲ್ಲಿ ಕೂರುವವನು ನಿನ್ನೆ ಮೊನ್ನೆ ಬಂದ ಹುಡುಗ. ಅವನು ವೇಗ ತಗ್ಗಿಸಬಾರದಲ್ಲಿ ತಗ್ಗಿಸುತ್ತಾನೆ, ಮೂತಿ ಎತ್ತಬಾರದಲ್ಲಿ ಎತ್ತುತ್ತಾನೆ, ನೆಲಕ್ಕೆ ದಪ್ಪನೆ ಬಡಿಯುತ್ತಾನೆ. ಇಷ್ಟನ್ನೂ ಯಂತ್ರ ಕ್ಷಮಿಸಬೇಕು. ಹಾಗೆಂದು ಪೂರ್ತಿ ಸಾಧುವೂ ಆಗಿರಬಾರದು, ಏಕೆಂದರೆ ತಪ್ಪು ಮಾಡಿದರೂ ಏನೂ ಆಗದ ವಿಮಾನದಲ್ಲಿ ಕಲಿತವನು ಮುಂದೆ ನಿಜವಾದ ವಿಮಾನದಲ್ಲಿ ಸಾಯುತ್ತಾನೆ. ಸ್ಟಾಲ್ ಆಗುವ ಮುನ್ನ ಅದು ಚಾಲಕನಿಗೆ ಸೂಚನೆ ಕೊಡಬೇಕು. ಗಿರಕಿ ಹೊಡೆಯುತ್ತಾ ಕೆಳಗಿಳಿಯುವುದನ್ನೂ, ಅದರಿಂದ ಹೊರಬರುವುದನ್ನೂ ಅದರಲ್ಲಿ ಕಲಿಸುವಂತಿರಬೇಕು. ಬಾಲದ ಭಾಗವನ್ನು ಒಂದಿಷ್ಟು ತಪ್ಪಾಗಿ ಇರಿಸಿದರೂ ಗಿರಕಿಯಿಂದ ವಿಮಾನ ಹೊರಬಾರದು. ಭಾರದ ಕೇಂದ್ರ ಒಂದಿಷ್ಟು ಹಿಂದಕ್ಕೆ ಸರಿದರೂ ಅದೇ ಗತಿ.

ಕಂಪ್ಯೂಟರ್ ಎಂಬುದಿಲ್ಲದ ಕಾಲ. ಲೆಕ್ಕವೆಲ್ಲ ಸ್ಲೈಡ್ ರೂಲ್, ಪಟ್ಟಿ, ಪೆನ್ಸಿಲ್ಲುಗಳಲ್ಲಿ. ಪ್ರತಿ ಭಾಗದ ತೂಕವನ್ನು ಮೊದಲೇ ಅಂದಾಜು ಮಾಡಬೇಕು, ಅಂದಾಜು ತಪ್ಪಿದರೆ ಮತ್ತೆ ಮೊದಲಿನಿಂದ ಲೆಕ್ಕ. ಅಂದು ನಮ್ಮ ದೇಶದಲ್ಲಿ ಒಂದು ಇಡೀ ವಿಮಾನವನ್ನು ಹೀಗೆ ಲೆಕ್ಕ ಹಾಕಿ ಮುಗಿಸಿದ ಅನುಭವ ಯಾರಿಗೂ ಇರಲಿಲ್ಲ. ಕೇಳಿ ತಿಳಿಯೋಣವೆಂದರೆ ಪಕ್ಕದ ಮನೆಯಲ್ಲಿ ಹಿರಿಯರಿಲ್ಲ.

ಹಾಳೆಯ ಮೇಲೆ ಮೂಡಿಬಂದ ವಿಮಾನ ಹೀಗಿತ್ತು: ದೇಹದ ಕೆಳಭಾಗಕ್ಕೆ ಜೋಡಿಸಿದ ಒಂದೇ ಜೊತೆ ರೆಕ್ಕೆ, ತುದಿಯಿಂದ ತುದಿಗೆ 10.72 ಮೀಟರ್. ಉದ್ದ 7.53 ಮೀಟರ್. ಮೈಯೆಲ್ಲ ಲೋಹ. ಕಲಿಯುವವನೂ ಕಲಿಸುವವನೂ ಒಬ್ಬರ ಹಿಂದೊಬ್ಬರು, ಇಬ್ಬರಿಗೂ ಗಾಜಿನ ಮುಚ್ಚಿಗೆ. ಒಳಗೆ ಮಡಚಿಕೊಳ್ಳದ ಚಕ್ರಗಳು, ಬಾಲದ ಕೆಳಗೊಂದು ಪುಟ್ಟ ಚಕ್ರ. ಗರಿಷ್ಠ ವೇಗ ಗಂಟೆಗೆ ಸುಮಾರು 209 ಕಿಲೋಮೀಟರ್. ಇಂದಿನ ಕಾರುಗಳೂ ಆ ವೇಗ ಮುಟ್ಟುತ್ತವೆ, ನಿಜ. ಆದರೆ ಟೈಗರ್ ಮಾತ್‌ನಿಂದ ಇಳಿದು ಇದಕ್ಕೆ ಹತ್ತಿದವನಿಗೆ ಒಂದು ತಲೆಮಾರು ದಾಟಿದ ಅನುಭವವಾಗುವಂತಿತ್ತು.

ಮೊದಲ ಹಾರಾಟ

1951ರ ಆಗಸ್ಟ್. ಸ್ವಾತಂತ್ರ್ಯಕ್ಕೆ ನಾಲ್ಕು ವರ್ಷ ತುಂಬುತ್ತಿದ್ದ ತಿಂಗಳು. ಬೆಂಗಳೂರಿನ ಕಾರ್ಖಾನೆಯ ಓಡುದಾರಿಯಿಂದ ಎಚ್‌ಟಿ-2ರ ಮೊದಲ ಮಾದರಿ ನೆಲ ಬಿಟ್ಟಿತು. ಚಾಲಕನ ಆಸನದಲ್ಲಿದ್ದವರು ಕಾರ್ಖಾನೆಯ ಪರೀಕ್ಷಾ ಪೈಲಟ್ ಕ್ಯಾಪ್ಟನ್ ಜಮ್ಷೆಡ್ ಮುನ್ಷಿ.

ಹೊಸ ವಿಮಾನದ ಮೊದಲ ಹಾರಾಟ ಎಂಥದ್ದೆಂಬುದನ್ನು ಊಹಿಸಿಕೊಳ್ಳಬೇಕು. ಪರವಾನಗಿಯಲ್ಲಿ ಕಟ್ಟಿದ ವಿಮಾನವಾದರೆ, ಬೇರೆ ದೇಶದಲ್ಲಿ ಯಾರೋ ಅದನ್ನು ಆಗಲೇ ನೂರು ಸಲ ಹಾರಿಸಿ ನೋಡಿರುತ್ತಾರೆ. ಇಲ್ಲಿ ಪೈಲಟ್‌ಗೆ ಇದ್ದ ಆಧಾರ ವಿನ್ಯಾಸಕಾರರ ಲೆಕ್ಕವೊಂದೇ. ಎಷ್ಟು ವೇಗದಲ್ಲಿ ಅದು ನೆಲ ಬಿಡುತ್ತದೆ, ಇಳಿಯುವಾಗ ಎಲ್ಲಿ ಕುಸಿಯುತ್ತದೆ ಎಂಬುದೆಲ್ಲ ಕಾಗದದ ಮೇಲೆ ಮಾತ್ರ ಗೊತ್ತಿರುವ ಸಂಗತಿ. ಆ ಕಾಗದವನ್ನು ನಂಬಿ ಒಬ್ಬ ಮನುಷ್ಯ ಆಕಾಶಕ್ಕೆ ಏರಬೇಕು, ಅದನ್ನು ಬರೆದವರು ಕೆಳಗೆ ನಿಂತು ನೋಡಬೇಕು. ಘಾಟಗೆಯವರ ಹದಿನೈದು ವರ್ಷಗಳ ವಿದ್ಯೆ ಸರಿಯೋ ತಪ್ಪೋ ಎಂಬ ಪರೀಕ್ಷೆ ಆ ಕೆಲವು ನಿಮಿಷಗಳಲ್ಲಿತ್ತು.

ವಿಮಾನ ಹಾರಿತು, ಕ್ಷೇಮವಾಗಿ ಇಳಿಯಿತು.

ಎಂಜಿನ್ ಮಾತ್ರ ನಮ್ಮದಾಗಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಮೊದಲ ಮಾದರಿಗೆ ಹಾಕಿದ್ದು ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪೆನಿಯ ಜಿಪ್ಸಿ ಮೇಜರ್. 1952ರ ಫೆಬ್ರವರಿಯಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್, ಅದೂ ಬ್ರಿಟನ್ನಿನದೇ. ತಯಾರಿಕೆಗೆ ಆಯ್ದುಕೊಂಡದ್ದು ಎರಡನೆಯದನ್ನು. ವಿಮಾನದ ಎದೆ ಪರರದು, ಮೈ ಮತ್ತು ಬುದ್ಧಿ ನಮ್ಮದು. ಈ ಎಂಜಿನ್ನಿನ ಕೊರತೆ ಮುಂದೆ ಎಚ್‌ಎಎಲ್‌ನ ಬೇರೆ ವಿಮಾನಗಳನ್ನೂ ಕಾಡಿತು.

ಮುಂದಿನ ವರ್ಷಗಳಲ್ಲಿ 150ಕ್ಕೂ ಹೆಚ್ಚು ಎಚ್‌ಟಿ-2 ವಿಮಾನಗಳು ಬೆಂಗಳೂರಿನಿಂದ ಹೊರಬಂದವು. ವಾಯುಪಡೆಯಲ್ಲಿ ಟೈಗರ್ ಮಾತ್‌ನ ಜಾಗವನ್ನು ಅವು ತುಂಬಿದವು. ಭಾರತದ ಎಷ್ಟೋ ಪೈಲಟ್‌ಗಳು ಮೊದಲ ಬಾರಿಗೆ ಒಬ್ಬಂಟಿಯಾಗಿ ನೆಲ ಬಿಟ್ಟದ್ದು ಈ ವಿಮಾನದಲ್ಲಿ. 1959ರಲ್ಲಿ ಹೊಸದಾಗಿ ವಾಯುಪಡೆ ಕಟ್ಟುತ್ತಿದ್ದ ಆಫ್ರಿಕದ ಘಾನಾ 12 ಎಚ್‌ಟಿ-2ಗಳನ್ನು ಕೊಂಡಿತು, ಕಲಿಸಿಕೊಡಲು ಭಾರತೀಯ ಅಧಿಕಾರಿಗಳೇ ಹೋದರು. ನಾವು ಕೊಳ್ಳುವವರಾಗಿಯೇ ಇದ್ದ ವ್ಯಾಪಾರದಲ್ಲಿ ಮಾರುವವರ ಸಾಲಿಗೆ ನಿಂತದ್ದು ಸಣ್ಣ ಸಂಗತಿಯಲ್ಲ. 1980ರ ದಶಕದ ಕೊನೆಯವರೆಗೂ, ಅಂದರೆ ಮೂರು ದಶಕ ಮೀರಿ, ಇದು ಸೇವೆಯಲ್ಲಿತ್ತು.

ಆ ನಂತರ

ಎಚ್‌ಟಿ-2ಕ್ಕೆ ನಿಲ್ಲದೆ ಘಾಟಗೆಯವರ ವಿನ್ಯಾಸ ವಿಭಾಗ ಮುಂದುವರಿಯಿತು. 1958ರಲ್ಲಿ ಪುಷ್ಪಕ್ ಹಾರಿತು. ಹೆಸರು ರಾಮಾಯಣದ್ದಾದರೂ ಕೆಲಸ ಸಾಮಾನ್ಯರದು: ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ನಾಗರಿಕರಿಗೆ ಹಾರಾಟ ಕಲಿಸುವ ಅಗ್ಗದ, ಹಗುರ ವಿಮಾನ. ಮರುವರ್ಷ ಅದರ ಬೆನ್ನಿಗೆ ಕೃಷಕ್ ಬಂತು. ಹೆಸರು ಕೇಳಿ ಹೊಲಕ್ಕೆ ಔಷಧಿ ಸಿಂಪಡಿಸುವ ವಿಮಾನವೆಂದುಕೊಂಡರೆ ತಪ್ಪಾದೀತು, ಅದು ಬಳಕೆಯಾದದ್ದು ಫಿರಂಗಿ ದಳಕ್ಕೆ ಮೇಲಿನಿಂದ ಗುರಿ ನೋಡಿ ಹೇಳಲು.

1956ರಲ್ಲಿ ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಜೆಟ್ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಹಾರಿತು. ಅದನ್ನು ಹಾರಿಸಿದ ಸುರಂಜನ್ ದಾಸ್ ಅವರ ಹೆಸರು ಇಂದು ಬೆಂಗಳೂರಿನ ರಸ್ತೆಯೊಂದಕ್ಕಿದೆ. ಮಾರುತ್‌ನ ಖ್ಯಾತಿ ಟ್ಯಾಂಕ್ ಅವರಿಗೆ ಸಲ್ಲಬೇಕಾದದ್ದೇ. ಆದರೆ ಅವರು ಬಂದಾಗ ಅಲ್ಲಿ ಖಾಲಿ ಶೆಡ್ಡು ಇರಲಿಲ್ಲ. ಒಂದು ವಿಮಾನವನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ, ಕಟ್ಟಿ, ಹಾರಿಸಿ, ತಪ್ಪು ತಿದ್ದಿಕೊಂಡ ಭಾರತೀಯ ಎಂಜಿನಿಯರುಗಳು ಅಲ್ಲಿದ್ದರು. ಅವರನ್ನು ತಯಾರು ಮಾಡಿದ್ದು ಎಚ್‌ಟಿ-2. ಈ ಮಾತನ್ನು ಮಾರುತ್ ಬಗ್ಗೆ ಬರೆಯುವವರು ಹಲವು ಸಲ ಮರೆಯುತ್ತಾರೆ.

ಇದಕ್ಕೆ ಸಾಕ್ಷಿ ಬೇಕೆಂದರೆ 1964ರ ಸೆಪ್ಟೆಂಬರ್ 4ರಂದು ಹಾರಿದ ಕಿರಣ್ ಇದೆ. ಅದೂ ತರಬೇತಿ ವಿಮಾನವೇ, ಆದರೆ ಜೆಟ್. ಹೊರಗಿನ ವಿನ್ಯಾಸಕಾರರ ಹಂಗಿಲ್ಲದೆ ಘಾಟಗೆಯವರ ನೇತೃತ್ವದ ವಿಭಾಗ ರೂಪಿಸಿದ್ದು. ಕನ್ನಡಿಗರಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ: 1996ರಲ್ಲಿ ಬೀದರ್‌ನಲ್ಲಿ ಆರಂಭವಾದ ಸೂರ್ಯಕಿರಣ್ ತಂಡ 2011ರವರೆಗೆ ಆಕಾಶದಲ್ಲಿ ಚಮತ್ಕಾರ ತೋರಿಸಿದ್ದು ಕಿರಣ್ ವಿಮಾನಗಳಲ್ಲಿಯೇ. ಯಲಹಂಕದ ವೈಮಾನಿಕ ಪ್ರದರ್ಶನಗಳಲ್ಲಿ ಅವು ರೆಕ್ಕೆಗೆ ರೆಕ್ಕೆ ಸೇರಿಸಿ ಹಾರುವುದನ್ನು ನೋಡಲು ಬಿಸಿಲಲ್ಲಿ ಗಂಟೆಗಟ್ಟಲೆ ನಿಂತ ಜನಕ್ಕೆ, ಆ ರೆಕ್ಕೆಯ ಹಿಂದಿನ ಹೆಸರು ತಿಳಿದಿದ್ದಿರಲಾರದು.

1964ರ ಅಕ್ಟೋಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಬೇರೊಂದು ಸಂಸ್ಥೆಯೊಡನೆ ವಿಲೀನಗೊಂಡು ಹಿಂದೂಸ್ಥಾನ್ ಏರೋನಾಟಿಕ್ಸ್ ಆಯಿತು. 1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಸಂದಿತು. 1991ರ ಡಿಸೆಂಬರಿನಲ್ಲಿ, 83ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಎಚ್‌ಟಿ-2 ಸೇವೆಯಿಂದ ನಿವೃತ್ತಿಯಾದ ಕೆಲವೇ ವರ್ಷಗಳಲ್ಲಿ ಅದರ ಶಿಲ್ಪಿಯೂ ಹೊರಟುಹೋದರು.

ಅವರು ಎದುರಿಸಿದ ಪ್ರಶ್ನೆ ಅವರೊಂದಿಗೆ ಹೋಗಲಿಲ್ಲ. ಎಚ್‌ಟಿ-2ರ ಜಾಗಕ್ಕೆ ಬಂದದ್ದು ಎಚ್‌ಎಎಲ್‌ನದೇ ವಿನ್ಯಾಸದ ಎಚ್‌ಪಿಟಿ-32. 2009ರಲ್ಲಿ ಅಪಘಾತವೊಂದರ ನಂತರ ಅದರ ಹಾರಾಟವನ್ನು ನಿಲ್ಲಿಸಲಾಯಿತು. ಕಲಿಯುವ ಹುಡುಗರಿಗೆ ವಿಮಾನವಿಲ್ಲದಂತಾಗಿ, 2012ರಲ್ಲಿ ಸ್ವಿಟ್ಜರ್ಲೆಂಡಿನಿಂದ 75 ಪಿಲಾಟಸ್ ವಿಮಾನಗಳನ್ನು ಕೊಳ್ಳಲು ಒಪ್ಪಂದವಾಯಿತು. ಹೇಗೂ ಹೊರಗಿನಿಂದ ಸಿಗುತ್ತಿರುವಾಗ ಇಲ್ಲಿ ಹೊಸದಾಗಿ ರೂಪಿಸುವ ಗೊಡವೆ ಏಕೆ ಎಂಬ ವಾದ ದೆಹಲಿಯ ಕಚೇರಿಗಳಲ್ಲಿ ಮತ್ತೆ ಕೇಳಿಬಂತು. ಅಷ್ಟಾದರೂ ಬೆಂಗಳೂರಿನ ಎಂಜಿನಿಯರುಗಳು ಕೆಲಸ ಬಿಡಲಿಲ್ಲ. ಎಚ್‌ಟಿಟಿ-40 ಎಂಬ ಹೊಸ ತರಬೇತಿ ವಿಮಾನ 2016ರ ಮೇ 31ರಂದು, ಎಚ್‌ಟಿ-2 ಹಾರಿದ್ದ ಅದೇ ಎಚ್‌ಎಎಲ್ ನೆಲದಿಂದ ಮೇಲೇರಿತು. 2023ರಲ್ಲಿ 70 ವಿಮಾನಗಳಿಗೆ ವಾಯುಪಡೆಯಿಂದ ಬೇಡಿಕೆಯೂ ಬಂತು. ಅದರ ಎಂಜಿನ್ ಅಮೆರಿಕದ ಹನಿವೆಲ್ ಕಂಪೆನಿಯದು.

ಬೆಂಗಳೂರಿಗೆ ಹೋದವರು ಹಳೆಯ ವಿಮಾನ ನಿಲ್ದಾಣದ ಬಳಿಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಬಹುದು. ರಜೆಯ ದಿನಗಳಲ್ಲಿ ಮಕ್ಕಳು ಓಡಿಹೋಗಿ ನಿಲ್ಲುವುದು ಮಾರುತ್‌ನಂಥ ಚೂಪು ಮೂತಿಯ ಜೆಟ್‌ಗಳ ಮುಂದೆ. ಅಲ್ಲಿಯೇ ಒಂದು ಎಚ್‌ಟಿ-2 ಕೂಡ ಇದೆ, ಬಾಲವನ್ನು ನೆಲಕ್ಕೂರಿ, ಮೂತಿಯನ್ನು ಆಕಾಶಕ್ಕೆತ್ತಿ.